ಏಣಿ ನುಂಗಿದ ಕಡಲು

"ನೀವೇ ಎಣಿಸಿ ಅಕ್ಕ. ನಾನು ಎಣಿಸಿದ್ರೆ ದುಃಖದಲ್ಲಿ ತಲೆ ಕೆಟ್ಟಿದೆ ಅಂತಾರೆ. ನೀವು ಎಣಿಸಿ."

ಅಳತೆಯಣ್ಣನ ಹೆಂಡತಿ ಹೊಲಿಗೆ ಯಂತ್ರದ ಮೇಲಿದ್ದ ಬಟ್ಟೆಯನ್ನೆಲ್ಲ ಬಾಚಿ ಪಕ್ಕಕ್ಕೆ ಹಾಕಿ, ಏಳು ಫೋಟೊಗಳನ್ನು ಸಾಲಾಗಿ ಇಟ್ಟಳು.

ಡಾಕ್ಟರಮ್ಮ ಕನ್ನಡಕ ಮೂಗಿಗೇರಿಸಿ ಬಗ್ಗಿದಳು. ಆಕೆ ಮನುಷ್ಯರ ಡಾಕ್ಟರಲ್ಲ. ಮುರಿದ ಸೇತುವೆ, ಸೀಳಿದ ಟ್ಯಾಂಕು, ಬಾಗಿದ ಕಂಬ, ಇವುಗಳ ನಾಡಿ ಹಿಡಿದು ಯಾಕೆ ಹೀಗಾಯಿತು ಅಂತ ಸರ್ಕಾರಕ್ಕೆ ಬರೆದುಕೊಡುವುದು ಆಕೆಯ ಕೆಲಸ. ಕಬ್ಬಿಣದ ಡಾಕ್ಟರಮ್ಮ ಅಂತ ಯಾರೋ ಕರೆದದ್ದು ಹಾಗೇ ಅಂಟಿಕೊಂಡಿತ್ತು.

ನಲವತ್ತಮೂರು ದಿನದ ಹಿಂದೆ ಮಂಜುಗಡ್ಡೆ ತೇಲುವ ಕಡಲ ನಡುವಿನ, ಅನಿಲ ತೆಗೆಯುವ ಪ್ಲಾಟ್‌ಫಾರ್ಮಿನ ಕೆಳಗಿನ ಮಹಡಿಗೆ ಬಿರುಗಾಳಿಯ ಅಲೆಯೊಂದು ನುಗ್ಗಿ, ಅಲ್ಲಿ ನಿಂತಿದ್ದ ಒಬ್ಬನೇ ಒಬ್ಬ ಮನುಷ್ಯನನ್ನು ಎತ್ತಿಕೊಂಡು ಹೋಗಿತ್ತು. ಅವನೇ ಅಳತೆಯಣ್ಣ. ಹೆಣ ಸಿಕ್ಕಿರಲಿಲ್ಲ.

ಏಳು ಫೋಟೊಗಳಲ್ಲೂ ಅವನೇ. ನಾಲ್ಕು ಉಕ್ಕಿನ ಕಾಲುಗಳ ಮೇಲೆ ನಿಂತ ಆ ಪ್ಲಾಟ್‌ಫಾರ್ಮಿನ ಒಂದು ಕಾಲಿಗೆ ನೀರಿನವರೆಗೆ ಇಳಿಯುವ ಕಬ್ಬಿಣದ ಏಣಿ. ಏಣಿಯ ತಲೆಯಲ್ಲಿ ಮಣೆಯಷ್ಟು ಜಾಗ. ಅಲ್ಲಿ ನಿಂತು ಕೈ ಎತ್ತಿದ್ದಾನೆ. ಕೆಳಗೆ ದೋಣಿಯಲ್ಲಿ ಕೂತ ಯಾರೋ ತೆಗೆದ ಫೋಟೊ.

"ಪ್ರತಿ ವರ್ಷ ನಮ್ಮ ಮದುವೆಯಾದ ದಿನ ತೆಗೆಸಿ ಕಳಿಸ್ತಿದ್ರು. ಕಡಲು ಸುಮ್ಮನಿರೋ ಎರಡು ವಾರದಲ್ಲೇ ಆ ದಿನ ಬರುತ್ತೆ. ಆ ಎರಡು ವಾರದಲ್ಲೇ ಅವರ ಅಳತೆಯ ಕೆಲಸ. ರಜಾ ಸಿಗ್ತಾನೇ ಇರ್ಲಿಲ್ಲ." ಅವಳು ಮೊದಲ ಫೋಟೊದ ಅಂಚನ್ನು ಸೆರಗಿನಿಂದ ಒರೆಸಿದಳು. "ನಮ್ಮತ್ತೆ ಇದ್ದಾಗ ಕೇಳ್ತಿದ್ರು, 'ಅದೆಂಥ ಪ್ಲಾಟ್‌ಫಾರ್ಮೇ, ಒಂದು ರೈಲೂ ಬರಲ್ವಲ್ಲ, ನನ್ನ ಮಗ ಊರಿಗೆ ಹೇಗೆ ಬರ್ತಾನೆ' ಅಂತ."

ಡಾಕ್ಟರಮ್ಮ ನಕ್ಕಳು. ನಗುತ್ತಲೇ ಎಣಿಸತೊಡಗಿದಳು. ಅಳತೆಯಣ್ಣನ ಕಾಲಿನಿಂದ ನೀರಿನವರೆಗೆ ಏಣಿಯ ಮೆಟ್ಟಿಲು.

ಮೊದಲ ವರ್ಷ ಹದಿನಾರು. ಆಮೇಲೆ ಹದಿನೈದು. ಹದಿನಾಲ್ಕು. ಹನ್ನೆರಡು.

ಅವಳ ನಗು ನಿಂತಿತು.

ಹನ್ನೊಂದು. ಒಂಬತ್ತು. ಕೊನೆಯದರಲ್ಲಿ ಎಂಟು.

"ನಾನು ತಮಾಷೆ ಮಾಡ್ತಿದ್ದೆ ಅಕ್ಕ. 'ನೀವು ದಪ್ಪ ಆದ್ರಿ, ಏಣಿ ಭಾರಕ್ಕೆ ಕುಗ್ತಿದೆ' ಅಂತ ಬರೀತಿದ್ದೆ. ಅವರು ಅದಕ್ಕೆ ಮಾತ್ರ ಉತ್ತರ ಬರೀತಿರ್ಲಿಲ್ಲ."

ಡಾಕ್ಟರಮ್ಮ ಚೀಲದಿಂದ ಉಬ್ಬರ ಇಳಿತದ ಪುಸ್ತಕ ತೆಗೆದು ಏಳೂ ದಿನಗಳನ್ನು ಒಂದೊಂದಾಗಿ ನೋಡಿದಳು. ಆ ಕಡಲಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ಹೆಚ್ಚೆಂದರೆ ಮೊಣಕಾಲೆತ್ತರದ ವ್ಯತ್ಯಾಸ. ಹದಿನಾರರಲ್ಲಿ ಮುಳುಗಿದ ಎಂಟು ಮೆಟ್ಟಿಲು ಅಂದರೆ ಎಂಟು ಅಡಿ. ಎರಡೂವರೆ ಮೀಟರ್.

ಆರು ವಾರದಿಂದ ಅವಳ ತಲೆ ತಿನ್ನುತ್ತಿದ್ದ ಒಗಟಿಗೆ ಬೇಕಾಗಿದ್ದದ್ದು ಇಂಥದೇ ಒಂದು ಅಳತೆ.

ಆ ಪ್ಲಾಟ್‌ಫಾರ್ಮಿನ ಕೆಳಗಿನ ಮಹಡಿ ನೀರಿನಿಂದ ಇಪ್ಪತ್ತಮೂರು ಮೀಟರ್ ಎತ್ತರದಲ್ಲಿರಬೇಕು. ಅಲೆಯ ತಲೆ ಬಂದದ್ದು ಇಪ್ಪತ್ತೊಂದಕ್ಕೆ. ಹತ್ತಿರದಲ್ಲಿ ನೀರಿನ ಮೇಲೆ ತೇಲುತ್ತಾ ಅಲೆ ಅಳೆಯುವ ತೇಲುಬುರುಡೆ ಅದನ್ನು ಬರೆದಿಟ್ಟಿತ್ತು. ಎರಡು ಮೀಟರ್ ಕೆಳಗೆ ತನ್ನ ಪಾಡಿಗೆ ಹಾದುಹೋಗಬೇಕಿದ್ದ ಅಲೆ ಮನುಷ್ಯನನ್ನು ಹೇಗೆ ಮುಟ್ಟಿತು? 'ಯಾರೂ ಊಹಿಸದ ಅಲೆ' ಅಂತ ಕಂಪನಿ ಷರಾ ಬರೆದಿತ್ತು. ತೇಲುಬುರುಡೆಯೇ ಕೆಟ್ಟಿರಬೇಕು ಅಂತ ವಾದಿಸಿತ್ತು.

"ಕಡಲು ಏರಿಲ್ಲಮ್ಮ," ಅಂದಳು ನಿಧಾನವಾಗಿ. "ಪ್ಲಾಟ್‌ಫಾರ್ಮ್ ಇಳಿದಿದೆ."

"ಮುಳುಗ್ತಿತ್ತಾ?"

"ಕಡಲ ತಳವೇ ಕುಸೀತಾ ಇದೆ. ಕೆಳಗಿನ ಬಂಡೆಯಿಂದ ಅನಿಲ ಎಳೆದ ಹಾಗೆಲ್ಲ ಬಂಡೆ ಗಾಳಿ ಬಿಟ್ಟ ದಿಂಬಿನ ಹಾಗೆ ಕುಗ್ಗುತ್ತೆ. ನಾಲ್ಕೂ ಕಾಲು ಒಟ್ಟಿಗೆ ಇಳಿಯುತ್ತೆ. ವಾಲೋದಿಲ್ಲ, ಬಿರುಕು ಬಿಡೋದಿಲ್ಲ. ಕೂತ ಮಣೆಯೇ ಇಳಿದ್ರೆ ಕೂತವನಿಗೆ ಏನು ಗೊತ್ತಾಗುತ್ತೆ?"

"ಇವರಿಗೆ ಗೊತ್ತಾಗಿತ್ತು."

ಅದು ಪ್ರಶ್ನೆಯಾಗಿರಲಿಲ್ಲ.

"ವರ್ಷಕ್ಕೊಮ್ಮೆ ಎತ್ತರ ಅಳೆದು ಬರೆಯೋದೇ ಅವರ ಕೆಲಸ ಅಲ್ವಾ ಅಕ್ಕ? ಬರೆದಿರ್ತಾರೆ. ಸುಳ್ಳು ಬರೆಯೋ ಕೈ ಅಲ್ಲ ಅದು. ಬರೆದದ್ದು ಯಾರಿಗೆ ಹೋಗುತ್ತೆ?"

"ಮೊದಲು ಕಂಪನಿಯ ಸುರಕ್ಷತಾ ಅಧಿಕಾರಿಗೆ. ಅವರ ಮೇಜಿನಿಂದ, ಪ್ಲಾಟ್‌ಫಾರ್ಮಿನ ವಿನ್ಯಾಸ ಮಾಡಿದವರಿಗೆ."

"ಸುರಕ್ಷತಾ ಅಧಿಕಾರಿ ಅಂದ್ರೆ ಆ ನಗುಮುಖದ ಮನುಷ್ಯನಾ?" ಅವಳು ಕಪಾಟಿನತ್ತ ಕೈ ತೋರಿಸಿದಳು. ಅಲ್ಲಿ ಕಂಪನಿಯ ಕಾಗದಗಳ ದಪ್ಪ ಕವರ್ ಇತ್ತು. "ಸತ್ತರು ಅಂತ ಒಪ್ಪಿ ಸಹಿ ಹಾಕಿ ಅಂತ ಮೂರು ಸಲ ಬಂದ. ಮೂರು ಸಲವೂ ನಗ್ತಾನೇ ಬಂದ, ನಗ್ತಾನೇ ಹೋದ. ನಾನು ಹಾಕಿಲ್ಲ."

"ಯಾಕೆ ಹಾಕಿಲ್ಲ?"

ಅವಳು ತಲೆ ಎತ್ತಿ ಎದುರಿಗೆ ನೋಡಿದಳು. ಗೋಡೆಯ ಗೂಟದಲ್ಲಿ ಗಂಡಸರ ದಪ್ಪ ಕೋಟೊಂದು ತೂಗುತ್ತಿತ್ತು. ಒಂದು ತೋಳಿಗೆ ಹೊಸ ಗುಂಡಿ ಹೊಲಿದಿತ್ತು. ಡಾಕ್ಟರಮ್ಮ ಮತ್ತೆ ಕೇಳಲಿಲ್ಲ.

*

ವಿನ್ಯಾಸ ಮಾಡಿದವರ ಹೆಸರು ಕಡತದಲ್ಲಿ ಮೊದಲ ದಿನವೇ ಕಂಡಿತ್ತು. ಆರು ವಾರ ಆ ಬಾಗಿಲಿಗೆ ಹೋಗದೆ ಇರಲು ಡಾಕ್ಟರಮ್ಮ ಊರಲ್ಲಿದ್ದ ಬಾಗಿಲನ್ನೆಲ್ಲ ತಟ್ಟಿದ್ದಳು.

ಮೇಷ್ಟ್ರು. ಅವರನ್ನು ಬೇರೆ ಹೆಸರಿನಿಂದ ಅವಳು ಕರೆದದ್ದೇ ಇಲ್ಲ. ಹನ್ನೊಂದು ವರ್ಷ ಅವರ ಮೇಜಿನ ಎದುರು ಕೂತು, ಗಾಳಿ ಎಷ್ಟು ತಳ್ಳುತ್ತೆ, ಮಂಜುಗಡ್ಡೆ ಎಷ್ಟು ನೂಕುತ್ತೆ, ಕೊರೆಯುವ ಚಳಿಯಲ್ಲಿ ಯಾವ ಉಕ್ಕು ಗಾಜಿನ ಹಾಗೆ ಒಡೆಯುತ್ತೆ ಅಂತ ಕಲಿತಿದ್ದಳು. ತನಿಖೆಯ ಕೆಲಸ ಸಿಕ್ಕಾಗ ಮೇಷ್ಟ್ರು, "ಕಟ್ಟೋ ಕೈ ಮುರಿದದ್ದನ್ನ ಎಣಿಸೋಕೆ ಹೋಗುತ್ತಾ?" ಅಂದಿದ್ದರು. ಇವಳೂ ಏನೋ ಅಂದಳು. ಅವರು ತಲೆ ಎತ್ತದೆ, "ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗು" ಅಂದರು.

ಅದಾಗಿ ಹದಿನೈದು ವರ್ಷ. ಪ್ರತಿ ವರದಿ ಮುಗಿಸಿದಾಗಲೂ ಅವಳ ಕಿವಿ ಒಂದು ಮಾತಿಗೆ ಕಾಯುತ್ತಿತ್ತು. 'ಸರಿ ಇದೆ ಮಗೂ.' ಸನ್ಮಾನ ಮಾಡಿದವರಿದ್ದರು, ಶಾಲು ಹೊದಿಸಿದವರಿದ್ದರು. ಆ ಮೂರು ಪದ ಹೇಳಿದವರು ಯಾರೂ ಇರಲಿಲ್ಲ.

ಮೂರನೇ ಮಹಡಿಯ ಅದೇ ಕೋಣೆ. ಅದೇ ಇಳಿಜಾರು ಮೇಜು. ಎದುರಿನ ಕುರ್ಚಿ ಖಾಲಿ. ಅದರ ಮೇಲೆ ಕಡತ ಪೇರಿಸಿರಲಿಲ್ಲ, ಕೋಟು ಹಾಕಿರಲಿಲ್ಲ, ಸುಮ್ಮನೆ ಖಾಲಿ.

"ಬಾಗಿಲು ಹಾಕ್ಕೊಂಡು ಬಾ. ಗಾಳಿ," ಅಂದರು ಮೇಷ್ಟ್ರು.

ಅವರ ಕೈ ನಡುಗುತ್ತಿತ್ತು. ವಯಸ್ಸು ಎಪ್ಪತ್ತನಾಲ್ಕು ದಾಟಿತ್ತು. ಅವಳು ಕೂತಳು. ಕುರ್ಚಿ ಅದೇ ಕಡೆ ಕಿರುಗುಟ್ಟಿತು. ಇದೊಂದು ತನಿಖೆ, ತಾನೊಬ್ಬ ಅಧಿಕಾರಿ ಅನ್ನುವುದನ್ನು ಅವಳು ತನಗೇ ಎರಡು ಸಲ ಹೇಳಿಕೊಳ್ಳಬೇಕಾಯಿತು.

"ಎತ್ತರ ಹೇಗೆ ನಿರ್ಧಾರ ಮಾಡಿದ್ರಿ ಮೇಷ್ಟ್ರೇ?"

"ಪರೀಕ್ಷೆ ಮಾಡ್ತೀಯಾ? ಮಾಡು. ಆ ಕಡಲಲ್ಲಿ ಹತ್ತು ಸಾವಿರ ವರ್ಷಕ್ಕೊಮ್ಮೆ ಬರಬಹುದಾದ ಅಲೆ ಇಪ್ಪತ್ತೊಂದೂವರೆ. ಅದರ ಮೇಲೆ ಒಂದೂವರೆ ಖಾಲಿ ಜಾಗ. ಇಪ್ಪತ್ತಮೂರು."

"ಮಂಜುಗಡ್ಡೆ?"

"ಕಾಲಿನ ಸುತ್ತ ಇಳಿಜಾರು ಕೊಟ್ಟೆ. ಗಡ್ಡೆ ಗುದ್ದೋ ಬದಲು ಮೇಲೇರಿ ತಾನೇ ಮುರಿಯುತ್ತೆ. ತುಂತುರು ಹೆಪ್ಪುಗಟ್ಟಿ ಭಾರ ಆಗದ ಹಾಗೆ ಬೇಡದ ಕಂಬಿಗಳನ್ನ ತೆಗೆದೆ. ಎಲ್ಲ ನೀನು ಕೂತಿದ್ದ ಜಾಗದಲ್ಲೇ ಕೂತು ಬರೆದದ್ದು. ಆ ಕಡೆಯಿಂದ ಬೆಳಕು ಚೆನ್ನಾಗಿ ಬೀಳುತ್ತೆ."

"ತಳ?"

ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟರು.

ಅವಳು ಏಳು ಫೋಟೊಗಳನ್ನು ಮೇಜಿನ ಮೇಲೆ ಜೋಡಿಸಿದಳು. ಅವರು ಎಣಿಸಿದರು. ತುಟಿ ಅಲುಗುವುದು ಕಾಣುತ್ತಿತ್ತು. ಏಳನೆಯದಕ್ಕೆ ಬಂದಾಗ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಇಪ್ಪತ್ತೈದು ವರ್ಷಕ್ಕೆ ಅರ್ಧ ಮೀಟರ್ ಇಳಿಯುತ್ತೆ ಅಂತ ಭೂಗರ್ಭದವರು ಅಂಕಿ ಕೊಟ್ಟಿದ್ರು. ನಾನು ನಂಬಲಿಲ್ಲ. ಅದಕ್ಕೇ ಷರತ್ತು ಹಾಕಿದೆ, ವರ್ಷ ವರ್ಷ ಅಳೆದು ನನಗೆ ಕಳಿಸಬೇಕು, ಅರ್ಧ ಮೀಟರ್ ದಾಟಿದ ದಿನ ಕೆಳಗಿನ ಮಹಡಿಯಲ್ಲಿ ಒಬ್ಬರೂ ನಿಲ್ಲಬಾರದು ಅಂತ."

"ಕಳಿಸಿದ್ರಾ?"

ಅವರು ಕಪಾಟಿನಿಂದ ಕಡತ ತೆಗೆದರು. ಆರು ಹಾಳೆ. ಪ್ಲಾಟ್‌ಫಾರ್ಮ್ ಕಟ್ಟಿ ನಿಲ್ಲಿಸಿದ ವರ್ಷ ಬಿಟ್ಟು ಆಮೇಲಿನ ಆರು ವರ್ಷದ್ದು. ಆರರಲ್ಲೂ ಅಳತೆಯಣ್ಣನ ಸಹಿ. ಆರರಲ್ಲೂ ಒಂದೇ ಅಂಕಿ, 23.0.

"ಮೇಷ್ಟ್ರೇ, ಒಂದೇ ಗೋಡೆಯನ್ನ ಎರಡು ಸಲ ಅಳೆದ್ರೆ ಎರಡು ಉತ್ತರ ಬರ್ಬೇಕು, ಒಂದೇ ಬಂದ್ರೆ ಅಳೆದೇ ಇಲ್ಲ ಅಂತ ಅರ್ಥ. ಇದನ್ನ ನನಗೆ ಹೇಳಿಕೊಟ್ಟವರು ಯಾರು?"

"ನಾನೇ."

"ಆರು ವರ್ಷ ಒಂದು ಬೆರಳೂ ಆಚೀಚೆ ಆಗದ ಅಳತೆ! ನಿಮಗೆ ಅನುಮಾನ ಬರ್ಲಿಲ್ವಾ?"

"ನಾಲ್ಕನೇ ವರ್ಷ ಬಂತು."

"ಕೇಳಿದ್ರಾ?"

"ಇಲ್ಲ."

"ಯಾಕೆ?"

"ಕೇಳಿದ್ರೆ ಉತ್ತರ ಬರುತ್ತಲ್ಲ ಮಗೂ." ಅವರ ದನಿ ತೀರಾ ಸಣ್ಣದಾಗಿತ್ತು. "ಅದು ನಾನು ಕಟ್ಟಿದ ಕೊನೇದು. ಅದೊಂದಾದ್ರೂ ನೆಟ್ಟಗೆ ನಿಂತಿದೆ ಅಂತ ಅಂದ್ಕೊಂಡು ಮಲಗ್ತಿದ್ದೆ. ನೀನು ಆ ಕುರ್ಚಿಯಲ್ಲಿ ಇದ್ದಿದ್ರೆ ನನ್ನಿಂದ ಕೇಳಿಸ್ತಿದ್ದೆ. ಜಗಳ ಆಡಿಯಾದ್ರೂ ಕೇಳಿಸ್ತಿದ್ದೆ."

ಡಾಕ್ಟರಮ್ಮ ಫೋಟೊಗಳನ್ನು ಒಂದೊಂದಾಗಿ ಎತ್ತಿಕೊಂಡಳು. ಹದಿನೈದು ವರ್ಷದಲ್ಲಿ ಒಂದು ಸಲವಾದರೂ ಈ ಮೆಟ್ಟಿಲು ಹತ್ತಬಹುದಿತ್ತು. ಹತ್ತಿ, ಒಂದು ಲೋಟ ಚಹಾ ಕುಡಿದು, ಮೇಜಿನ ಮೇಲಿದ್ದ ಕಡತಕ್ಕೆ ಕಣ್ಣು ಹಾಯಿಸಿದ್ದರೆ ಸಾಕಿತ್ತು.

"ಈ ಹಾಳೆಗಳೆಲ್ಲ ಸುರಕ್ಷತಾ ಅಧಿಕಾರಿಯ ಮೂಲಕ ಬಂದದ್ದು ತಾನೇ?"

"ಎಲ್ಲ ಅಲ್ಲ." ಮೇಷ್ಟ್ರು ಕೆಳಗಿನ ಡ್ರಾಯರಿಗೆ ಬೀಗದ ಕೈ ಹಾಕಿದರು. ಅವರು ಡ್ರಾಯರಿಗೆ ಬೀಗ ಹಾಕುವುದನ್ನು ಅವಳು ಹಿಂದೆಂದೂ ನೋಡಿರಲಿಲ್ಲ. "ಹನ್ನೊಂದು ದಿನದ ಹಿಂದೆ ಇದು ಸಾದಾ ಅಂಚೆಯಲ್ಲಿ ಬಂತು. ಕಳಿಸಿದವರ ಹೆಸರಿಲ್ಲ."

ಅದೇ ನಮೂನೆಯ ಏಳನೇ ಹಾಳೆ. ಅದೇ ಸಹಿ. ಅಂಕಿ ಮಾತ್ರ ಬೇರೆ. 20.4.

ಇಪ್ಪತ್ತೊಂದು ಮೀಟರಿನ ಅಲೆ ಇಪ್ಪತ್ತು ಚಿಲ್ಲರೆಯ ಮಹಡಿಗೆ ನುಗ್ಗದೆ ಇರುತ್ತದೆಯೇ? ಲೆಕ್ಕ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಕೂತಿತು.

"ತಾರೀಖು ನೋಡು," ಅಂದರು ಮೇಷ್ಟ್ರು.

ಬಿರುಗಾಳಿ ಎದ್ದು ಹತ್ತೊಂಬತ್ತು ದಿನ ಆದಮೇಲಿನ ತಾರೀಖು.

"ಹನ್ನೊಂದು ದಿನ ಇದನ್ನ ಇಟ್ಟುಕೊಂಡು ಸುಮ್ಮನಿದ್ರಾ?"

"ಇದು ನಿಜ ಆದ್ರೆ ನನ್ನ ಪ್ಲಾಟ್‌ಫಾರ್ಮ್ ಒಬ್ಬ ಮನುಷ್ಯನನ್ನ ನುಂಗಿದೆ. ಸುಳ್ಳಾದ್ರೆ ಯಾರೋ ಈ ಮುದುಕನ ಜೊತೆ ಆಟ ಆಡ್ತಿದ್ದಾರೆ. ಎರಡರಲ್ಲಿ ಯಾವುದು ಅಂತ ಹೇಳಬಲ್ಲವಳು ಒಬ್ಬಳೇ. ಅವಳಿಗೆ ಫೋನ್ ಮಾಡೋಕೆ ಹದಿನೈದು ವರ್ಷದಿಂದ ಕೈ ಬಂದಿರಲಿಲ್ಲ." ಅವರು ಏಳೂ ಹಾಳೆಗಳನ್ನು ಕಡತಕ್ಕೆ ಸೇರಿಸಿ ಅವಳ ಕಡೆ ತಳ್ಳಿದರು. "ತಗೊಂಡು ಹೋಗು. ಏಣಿ ಎಣಿಸಿದ್ದು ಸರಿ ಇದೆ ಮಗೂ."

ಮೆಟ್ಟಿಲು ಇಳಿಯುವಾಗ ಅವಳಿಗೆ ಕಣ್ಣು ಮಂಜಾಗಿ ಪಕ್ಕದ ಕಂಬಿ ಹಿಡಿದುಕೊಳ್ಳಬೇಕಾಯಿತು. ಐವತ್ತೆರಡು ವರ್ಷದ ಹೆಂಗಸು, ಶಾಲೆಯಲ್ಲಿ ಬೆನ್ನು ತಟ್ಟಿಸಿಕೊಂಡ ಹುಡುಗಿಯ ಹಾಗೆ.

*

ಮಧ್ಯಾಹ್ನ ಮೂರಕ್ಕೆ ಅವಳು ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು.

ಸುಳ್ಳು ಆಸೆ ಹುಟ್ಟಿಸುವುದಕ್ಕಿಂತ ದೊಡ್ಡ ಪಾಪ ಇನ್ನೊಂದಿಲ್ಲ ಅಂತ ದಾರಿಯುದ್ದಕ್ಕೂ ತನಗೇ ಹೇಳಿಕೊಂಡು ಬಂದಿದ್ದಳು. ಅದಕ್ಕೇ ಹಾಳೆಗಳನ್ನು ಹರಡಿದಾಗ ತಾರೀಖಿನ ಸಾಲಿನ ಮೇಲೆ ಅಳತೆಯಣ್ಣನ ಹೆಂಡತಿಯದೇ ಇಂಚುಪಟ್ಟಿಯನ್ನು ಅಡ್ಡ ಇಟ್ಟಳು.

"ಅಕ್ಷರ ನೋಡಿ ಹೇಳಮ್ಮ. ಬೇರೇನೂ ಬೇಡ."

ಅವಳು ಮೊದಲ ಹಾಳೆ ನೋಡಿದಳು. ಎರಡನೆಯದು. ಆರನೆಯದರವರೆಗೂ ಮುಖ ಬದಲಾಗಲಿಲ್ಲ.

"ಇವು ಅವರದಲ್ಲ."

"ಸಹಿ?"

"ಸಹಿ ಯಾರೋ ಚೆನ್ನಾಗಿ ಕಲಿತಿದ್ದಾರೆ. ಸೊನ್ನೆ ಕಲಿತಿಲ್ಲ. ಇವರ ಸೊನ್ನೆ ಬಾಯಿ ಮುಚ್ಚಲ್ಲ ಅಕ್ಕ, ಮೇಲೆ ತೆರೆದೇ ಇರುತ್ತೆ. ರಜೆಗೆ ಬಂದಾಗ ಗಿರಾಕಿಗಳ ಅಳತೆ ಬರ್ಕೊಳ್ತಿದ್ದೋರು ಇವರೇ. ಒಂದ್ಸಲ ಮೂವತ್ತು ಬರೆದದ್ದನ್ನ ನಾನು ಮೂವತ್ತಾರು ಅಂತ ಓದಿ ಕತ್ತರಿಸಿಬಿಟ್ಟೆ. ಆ ಕಡ್ಡಿ ಮೈಯ ಗಿರಾಕಿ ಅಂಗಿ ಹಾಕ್ಕೊಂಡು, 'ಇದರೊಳಗೆ ನನ್ನ ಜೊತೆ ಇನ್ಯಾರಿಗೆ ಜಾಗ ಬಿಟ್ಟಿದ್ದೀರಿ' ಅಂದ."

ನಗುತ್ತಲೇ ಅವಳು ಏಳನೇ ಹಾಳೆ ಎತ್ತಿದಳು.

ಆಮೇಲೆ ನಗಲಿಲ್ಲ. ಹೆಬ್ಬೆರಳು 20.4ರ ಸೊನ್ನೆಯ ತೆರೆದ ಬಾಯಿಯ ಮೇಲೆ ಹೋಗಿ ನಿಂತಿತು. ನಿದ್ದೆಯಲ್ಲಿದ್ದವರ ಹಣೆ ಮುಟ್ಟುವ ಹಾಗೆ ಅಷ್ಟು ಹಗುರವಾಗಿ.

"ಇದು ಅವರದು."

"ಖಂಡಿತ?"

"ನನ್ನ ಗಂಡನ ಕೈ ಅಕ್ಕ ಇದು."

ಅವಳು ಇಂಚುಪಟ್ಟಿ ಸರಿಸಿದಳು. ಡಾಕ್ಟರಮ್ಮ ತಡೆಯುವಷ್ಟರಲ್ಲಿ ತಾರೀಖು ಓದಿಯಾಗಿತ್ತು.

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸುತ್ತಾ ಹೋದರು.

"ತಾರೀಖು ಮೊದಲೇ ಹಾಕಿಟ್ಟಿರಬಹುದು ಅಂತೀರಾ?" ಅಂತ ಅವಳೇ ಕೇಳಿದಳು.

ಹಾಗೇ ಹೇಳಬೇಕೆಂದು ಡಾಕ್ಟರಮ್ಮ ಬಾಯಿ ತೆರೆದಿದ್ದಳು. ಆದರೆ ಹಾಳೆಯ ನಡುವಿನ ಷರಾವನ್ನು ಅವಳು ಬರುವ ದಾರಿಯಲ್ಲಿ ಮೂರು ಸಲ ಓದಿದ್ದಳು. 'ಉತ್ತರದ ಕಂಬಿ ಅಲೆಗೆ ಹೋಗಿದೆ. ಆದ್ದರಿಂದ ಪೂರ್ವದ ಕಾಲಿನ ಪಕ್ಕದಿಂದ ಅಳೆದಿದೆ.' ಬಿರುಗಾಳಿಯಲ್ಲಿ ಮುರಿದದ್ದು ಉತ್ತರದ ಕಂಬಿ ಅನ್ನುವುದು ಪತ್ರಿಕೆಗಳಿಗೆ ಗೊತ್ತಿಲ್ಲ. ನಕಲು ಮಾಡುವವನಾಗಿದ್ದರೆ ಅದನ್ನು ಎಲ್ಲಿಂದಲೋ ಕೇಳಿ ಬರೆದ ಅನ್ನಬಹುದಿತ್ತು. ಆದರೆ ಇದು ಅವನ ಕೈ ಅಂದಮೇಲೆ ಏನು ಅನ್ನುವುದು?

"ಇಲ್ಲಮ್ಮ. ಬಿರುಗಾಳಿ ಆದಮೇಲೆ, ಅಲ್ಲೇ ನಿಂತು ಬರೆದದ್ದು."

"ಆದ್ರೆ ಅಲ್ಲಿ ಯಾರೂ ಇಲ್ವಲ್ಲ."

"ಇರಬಾರದು. ಎರಡನೇ ದಿನವೇ ಖಾಲಿ ಮಾಡಿಸಿದ್ರು. ಇವರನ್ನ ಬಿಟ್ಟು ಉಳಿದ ನಲವತ್ತೊಂದು ಜನ ಇಳಿದ್ರು, ನಲವತ್ತೊಂದು ತಲೆ ಎಣಿಸಿದ್ದಾರೆ. ಆಮೇಲೆ ಅಲ್ಲಿಗೆ ಹೆಲಿಕಾಪ್ಟರೂ ಹೋಗಿಲ್ಲ, ಹಡಗೂ ಹೋಗಿಲ್ಲ."

ಹೋಗಿಲ್ಲ ಅಂತ ಕಂಪನಿ ಹೇಳಿದೆ. ಆದರೆ ಕಾಗದ ಈಜಿಕೊಂಡು ಬಂದು ಅಂಚೆಪೆಟ್ಟಿಗೆಗೆ ಬೀಳುವುದಿಲ್ಲ.

ಅಳತೆಯಣ್ಣನ ಹೆಂಡತಿ ಅಳಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಾಗಿತ್ತೇನೋ, ಏಳೂ ಹಾಳೆಗಳನ್ನು ಒಟ್ಟುಮಾಡಿ, ಬಟ್ಟೆಯ ಪದರ ಜೋಡಿಸುವವಳ ಹಾಗೆ ಮೇಲಿನ ಅಂಚು ಸಮ ಮಾಡಿ ಮೇಜಿನ ಮೇಲೆ ತಟ್ಟಿದಳು. ತಟ್ಟಿದವಳು ಹುಬ್ಬು ಗಂಟಿಕ್ಕಿದಳು.

"ಇದೊಂದು ಗಿಡ್ಡ ಇದೆ."

"ಯಾವುದು?"

"ಅವರದು. ಎರಡು ಬೆರಳು ಗಿಡ್ಡ. ಹರಿದದ್ದಲ್ಲ ಅಕ್ಕ, ಕತ್ತರಿಸಿದ್ದು. ಕತ್ತರಿಯಲ್ಲೂ ಅಲ್ಲ, ಬ್ಲೇಡಲ್ಲಿ. ಇಲ್ಲಿ ಏನಿತ್ತು?"

ಡಾಕ್ಟರಮ್ಮ ಉಳಿದ ಆರು ಹಾಳೆಗಳ ತಳ ನೋಡಿದಳು. ಕೊನೆಯ ಸಾಲು ಎಲ್ಲದರಲ್ಲೂ ಒಂದೇ. 'ಟೇಪು ಹಿಡಿದವರ ಸಹಿ.'

"ಅಷ್ಟು ಎತ್ತರವನ್ನ ಒಬ್ಬರೇ ಅಳೆಯೋಕೆ ಆಗಲ್ಲ," ಅಂದಳು. "ಮೇಲೆ ನಿಂತು ಓದೋರು ಒಬ್ಬರು, ಕೆಳಗೆ ನೀರಿನ ಹತ್ತಿರ ಟೇಪು ಹಿಡಿಯೋರು ಇನ್ನೊಬ್ಬರು. ಇಬ್ಬರೂ ಸಹಿ ಹಾಕ್ಬೇಕು."

ಹೇಳುತ್ತಾ ಹೇಳುತ್ತಾ ಅವಳು ಕತ್ತರಿಸಿದ ಅಂಚಿನ ಮೇಲೆ ಉಗುರು ಎಳೆದಳು. ಎಲ್ಲೂ ತಡೆಯಲಿಲ್ಲ. ಉಕ್ಕಿನ ಪಟ್ಟಿ ಒತ್ತಿ ಹಿಡಿದು, ಉಸಿರು ಕಟ್ಟಿ, ಬ್ಲೇಡನ್ನು ಒಂದೇ ಎಳೆತಕ್ಕೆ ಎಳೆದರೆ ಮಾತ್ರ ಅಂಚು ಹೀಗೆ ಬರುತ್ತದೆ. ನಡುಗುವ ಕೈಯಲ್ಲೂ, ಅಭ್ಯಾಸವಿದ್ದರೆ, ಹೀಗೇ ಬರುತ್ತದೆ. ನಕ್ಷೆ ಕತ್ತರಿಸುವ ಆ ಬಗೆಯನ್ನು ಅವಳು ಒಬ್ಬರಿಂದ ಕಲಿತಿದ್ದಳು. ಕಲಿಯಲು ಎರಡು ವರ್ಷ ಹಿಡಿದಿತ್ತು.

ಹನ್ನೊಂದು ದಿನ ಈ ಹಾಳೆ ಬೀಗ ಹಾಕಿದ ಡ್ರಾಯರಿನಲ್ಲಿತ್ತು. ಏಣಿ ಎಣಿಸಿದ್ದು ಸರಿ ಇದೆ ಅಂದವರು, ಆ ಎರಡು ಬೆರಳಗಲದಲ್ಲಿ ಯಾರ ಹೆಸರನ್ನು ಕತ್ತರಿಸಿ ಇಟ್ಟುಕೊಂಡರು? ಲೆಕ್ಕಕ್ಕೇ ಸಿಗದ ಯಾವ ನಲವತ್ತಮೂರನೆಯವನನ್ನು ಮೇಷ್ಟ್ರು ಮುಚ್ಚಿಡುತ್ತಿದ್ದಾರೆ?

ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಎದೆಯಲ್ಲಿದ್ದ ಬೆಚ್ಚಗಿನದು ಏನೋ ಅಲ್ಲೇ ಕಲ್ಲಾಯಿತು.

"ಅಕ್ಕ."

"ಹೇಳಮ್ಮ."

ಅಳತೆಯಣ್ಣನ ಹೆಂಡತಿ ಎದ್ದು ಗೂಟದಿಂದ ಕೋಟು ಇಳಿಸಿದ್ದಳು. ಅದನ್ನು ಎದೆಗೊತ್ತಿಕೊಂಡು ನಿಂತಿದ್ದಳು.

"ಅಲ್ಲಿ ಈಗ ಎಷ್ಟು ಚಳಿ ಇರುತ್ತೆ?"

ಡಾಕ್ಟರಮ್ಮನಿಗೆ ಸುಳ್ಳು ಹೇಳಬೇಕೆನಿಸಿತು. ಬಾಯಿ ಬರಲಿಲ್ಲ.

"ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ."

ಅವಳು ಅದನ್ನು ಒಂದು ಗಳಿಗೆ ಮನಸ್ಸಿನಲ್ಲೇ ತೂಗಿ ನೋಡಿದಳು. ಹಾಳೆ ಕತ್ತರಿಸಿದವರು ಯಾರು, ಯಾಕೆ ಅನ್ನುವುದು ಅವಳಿಗೆ ಬೇಕಾಗಿರಲಿಲ್ಲ.

"ಹಾಗಾದ್ರೆ ಟೇಪು ಹಿಡಿಯೋಕೆ ಇನ್ನೊಬ್ಬರು ಇದ್ದದ್ದು ಒಳ್ಳೇದೇ ಆಯ್ತು," ಅಂದಳು. "ಸದ್ಯ, ಅವರು ಒಬ್ಬರೇ ಇಲ್ಲವಲ್ಲ."